ಸ್ಟೋಮಾ (ಹೊಟ್ಟೆ ಮೇಲೆ ತೆರೆದ ಕರುಳಿನ ಬಾಯಿ) ಪಕ್ಕ ಹರ್ನಿಯಾ ಉಬ್ಬಿದೆ, ಚರ್ಮ ಹಸಿಯಾಗಿದೆ. ಆಪರೇಷನ್ನಾ, ಬೆಲ್ಟಾ? ಅನುಭವ ಇರೋರು ಹೇಳಿ

ಮುಂಗಾರು: ಎಲ್ರಿಗೂ ನಮಸ್ಕಾರ. ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಕೊಲೊಸ್ಟಮಿ ಇದೆ, ಅಂದ್ರೆ ದೊಡ್ಡಕರುಳಿನ ಸ್ಟೋಮಾ, ಮೋಷನ್ ಬ್ಯಾಗ್‌ಗೆ ಬರುತ್ತೆ. ಈಗ ಸ್ಟೋಮಾ ಪಕ್ಕ ಉಬ್ಬು, ನಿಂತ್ರೆ ದೊಡ್ಡದಾಗುತ್ತೆ, ಮಲಗಿದ್ರೆ ಒಳಗೆ ಹೋಗುತ್ತೆ. ಬ್ಯಾಗ್ ಹಿಡಿಯೋಕೆ ಚರ್ಮಕ್ಕೆ ಅಂಟಿಸೋ ಪ್ಲೇಟ್ ನಿಲ್ತಿಲ್ಲ, ಕೆಳಗಡೆಯಿಂದ ಲೀಕ್, ಚರ್ಮ ಕೆಂಪಗಾಗಿ ನೀರು ಒಸರ್ತಿದೆ. ಡಾಕ್ಟರ್ ಬೆಲ್ಟ್ ಹಾಕಿ ನೋಡಿ, ಆಗ್ಲಿಲ್ಲ ಅಂದ್ರೆ ಆಪರೇಷನ್ ಮಾಡಿ ಮೆಶ್ (ಬಲೆ) ಹಾಕೋಣ ಅಂದ್ರು. ಏನ್ ಮಾಡ್ಲಿ?

ಎರಡನೇ_ಹೊಲಿಗೆ: ಮಾಡಿಸೋದಾದ್ರೆ ಬರೀ ಹೊಲಿಗೆ ಹಾಕಿಸ್ಕೋಬೇಡಿ. ನನಗೆ ಮೊದ್ಲು ಹಂಗೇ ಮಾಡಿದ್ರು, ಒಂದು ಕೆಟ್ಟ ಕೆಮ್ಮು ಬಂದಿದ್ದೇ ತಡ ಅದೇ ಜಾಗ ಮತ್ತೆ ಉಬ್ಬಿತು. ಆಮೇಲೆ ಸ್ಟೋಮಾನೇ ಎಡದಿಂದ ಬಲಕ್ಕೆ ತಂದ್ರು, ಹಳೇ ಗಾಯದಲ್ಲೂ ಹರ್ನಿಯಾ ಹೊಸ ಜಾಗದಲ್ಲೂ ಹರ್ನಿಯಾ. ಕೊನೆಗೆ ಬೇರೆ ಸರ್ಜನ್ ಶುಗರ್‌ಬೇಕರ್ ವಿಧಾನದಲ್ಲಿ ಮೆಶ್ ಹಾಕಿದ್ರು. 1980ರ ದಶಕದಿಂದ ಇರೋದು ಅದು, ಕರುಳನ್ನ ಮೆಶ್‌ಗೂ ಹೊಟ್ಟೆ ಗೋಡೆಗೂ ನಡುವೆ ಪಕ್ಕಕ್ಕೆ ಮಲಗಿಸಿ ಹೊರಗೆ ತರ್ತಾರೆ. ಮೆಶ್‌ಗೆ ತೂತು ಮಾಡಿ ಕರುಳು ತೂರಿಸೋ ಕೀಹೋಲ್‌ಗಿಂತ ಚೆನ್ನಾಗಿ ನಿಲ್ಲುತ್ತೆ. ಈಗ ಗಟ್ಟಿಯಾಗಿದೀನಿ. ಮೊದಲೇ ಯಾಕೆ ಯಾರೂ ಹೇಳ್ಲಿಲ್ಲ ಅನ್ನೋ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಿಧಾನಿ: ಎಲ್ರನ್ನೂ ಆಪರೇಷನ್‌ಗೆ ತಳ್ಳಬೇಡಿ ಸ್ವಾಮಿ. ನಂದು ಇಲಿಯೊಸ್ಟಮಿ, ಅಂದ್ರೆ ಸಣ್ಣಕರುಳಿನ ಸ್ಟೋಮಾ, ಬೆಲ್ಟಲ್ಲೇ ವರ್ಷಗಳಿಂದ ಇದೀನಿ. ಬೆಳಿಗ್ಗೆ ಮಲಗಿದ್ದಾಗಲೇ, ಉಬ್ಬು ಒಳಗಿರುವಾಗಲೇ ಹಾಕ್ಕೋಬೇಕು, ಎದ್ದ ಮೇಲೆ ಬಿಗಿದ್ರೆ ಪ್ರಯೋಜನ ಇಲ್ಲ. ನನ್ನನ್ನ ಸುಸ್ತು ಮಾಡಿದ್ದು ಚರ್ಮ. ಹರ್ನಿಯಾ ಬಂದ್ಮೇಲೆ ಸ್ಟೋಮಾ ಅಗಲ ಆಗಿ ಮೊಟ್ಟೆ ಆಕಾರಕ್ಕೆ ಬಂದಿತ್ತು, ನಾನು ಪ್ಲೇಟ್‌ನ ತೂತನ್ನ ಹಳೇ ಅಳತೆಗೆ ಗುಂಡಗೇ ಕತ್ತರಿಸ್ತಿದ್ದೆ, ಒಂದು ಕಡೆ ಚರ್ಮ ಬಯಲಾಗಿ ಮೋಷನ್ ಅಲ್ಲೇ ನಿಲ್ತಿತ್ತು, ಸಣ್ಣಕರುಳಿಂದು ನೀರು ನೀರು, ಅದರಲ್ಲಿರೋ ಜೀರ್ಣರಸ ಚರ್ಮಾನೇ ತಿನ್ನುತ್ತೆ, ಸ್ನಾನದ ನೀರು ತಾಗಿದ್ರೆ ಕಣ್ಣಲ್ಲಿ ನೀರು ಬರ್ತಿತ್ತು. ಮತ್ತೆ ಅಳೆದು ಸ್ಟೋಮಾಗಿಂತ 2-3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸೋಕೆ ಶುರು ಮಾಡಿದ್ಮೇಲೆ ಮಾಯಿತು. ಸ್ಟೋಮಾ ಪೌಡರ್ ಹಸಿ ಜಾಗಕ್ಕೆ ಮಾತ್ರ, ಉಳಿದದ್ದು ಒರೆಸಿ ತೆಗೀರಿ, ಇಲ್ಲಾಂದ್ರೆ ಪ್ಲೇಟ್ ಅಂಟಲ್ಲ.

ಎರಡನೇ_ಹೊಲಿಗೆ: ಬೆಲ್ಟ್ ಹರ್ನಿಯಾನ ವಾಸಿ ಮಾಡಲ್ಲ, ಅದನ್ನೂ ಹೇಳಿ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ, ವಾಂತಿ ಆಗಿ, ಬ್ಯಾಗ್‌ಗೆ ಏನೂ ಬರದೆ, ಸ್ಟೋಮಾ ಕಪ್ಪಗಾದ್ರೆ ಬೆಲ್ಟ್ ಹಿಡ್ಕೊಂಡು ಕೂರ್ತೀರಾ? ತಕ್ಷಣ ಎಮರ್ಜೆನ್ಸಿಗೆ ಓಡಬೇಕು.

ನಿಧಾನಿ: ಓಡಬೇಡಿ ಅಂತ ನಾನೆಲ್ಲಿ ಅಂದೆ? ನಿಮಗೆ ಮೂರು ಸಲ ಕೊಯ್ದ ಸಿಟ್ಟನ್ನ ನನ್ನ ಮೇಲೆ ತೀರಿಸ್ಬೇಡಿ.

ಅಮ್ಮನ_ಮಗಳು: ಅಮ್ಮಂಗೆ ಲೀಕ್ ಆಗ್ತಿದೆ ಅಂತ ಯಾರೋ ಗಟ್ಟಿ ಕಾನ್ವೆಕ್ಸ್ ಪ್ಲೇಟ್ (ಚರ್ಮದ ಕಡೆಗೆ ಉಬ್ಬಿರೋದು) ಕೊಡಿಸಿದ್ರು. ಉಬ್ಬಿದ ಹೊಟ್ಟೆ ಮೇಲೆ ಅದು ಒತ್ತಿ ಒತ್ತಿ ಅಂಚಿನುದ್ದಕ್ಕೂ ಹುಣ್ಣಾಯ್ತು. ಹರ್ನಿಯಾ ಇದ್ರೆ ಸ್ಟೋಮಾ ನರ್ಸ್ ನೋಡದೆ ಅದನ್ನ ಮುಟ್ಟಲೇಬೇಡಿ. ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆ, ತುರಿಕೆ ಇದ್ರೆ ಫಂಗಸ್ ಇರಬಹುದು, ಅದಕ್ಕೆ ಬೇರೆ ಪೌಡರ್ ಬೇಕು.

ನಿಧಾನಿ: ಕಾನ್ವೆಕ್ಸ್‌ನ ಬೈಬೇಡಿ. ನನ್ನ ಸ್ಟೋಮಾ ಚರ್ಮದ ಮಟ್ಟಕ್ಕೇ ಇದೆ, ಮೆತ್ತನೆಯ ಕಾನ್ವೆಕ್ಸ್ ಇಲ್ದಿದ್ರೆ ಮನೆಯಿಂದ ಹೊರಗೆ ಕಾಲಿಡೋಕಾಗ್ತಿರಲಿಲ್ಲ. ಹೊಟ್ಟೆ ಮೇಲೆ ಹೊತ್ತೋರು ನಾವು, ಪಕ್ಕದಲ್ಲಿ ನಿಂತು ನೋಡಿದೋರಿಗೆ ಎಷ್ಟು ಗೊತ್ತಾಗುತ್ತೆ?

ಅಮ್ಮನ_ಮಗಳು: ನಡುರಾತ್ರಿ ಎದ್ದು ಹಾಸಿಗೆ ಬದಲಾಯಿಸಿ, ಅಮ್ಮ ಅಳ್ತಿರುವಾಗ ಆ ಪ್ಲೇಟನ್ನ ಒಂದೊಂದೇ ಇಂಚು ಬಿಡಿಸಿದೋಳು ನಾನು. ನನಗೆ ಗೊತ್ತಾಗಲ್ಲ ಅನ್ನಬೇಡಿ. ಮುಂಗಾರು ಅವ್ರೇ, ನೀವು ಎದ್ದು ನಿಂತು, ಕೂತು, ಮಲಗಿ ಮೂರೂ ಥರ ನರ್ಸ್‌ಗೆ ತೋರಿಸಿ ಅಳತೆ ತೆಗೆಸ್ಕೊಳ್ಳಿ, ಅಮ್ಮಂಗೆ ಮಲಗಿಸಿ ಮಾತ್ರ ತೆಗ್ದಿದ್ರು.