ಊರಲ್ಲಿ ಯಾರೂ ಮತ ಹಾಕಬಾರದು ಅಂತ ತೀರ್ಮಾನ ಆಗಿದೆ, ಅತ್ತೆ ಹಾಕೇ ಹಾಕ್ತೀನಿ ಅಂತಾರೆ. ಏನು ಮಾಡಲಿ?

ರೊಟ್ಟಿಮನೆ, ಬಾಗಲಕೋಟೆ ಜಿಲ್ಲೆ (28 ಏಪ್ರಿಲ್ 2024)

ನಮ್ಮದು ಮುಳುಗಡೆ ಊರು. ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿದೆ, ನಾವು ಪುನರ್ವಸತಿ ಕೇಂದ್ರದಲ್ಲಿದ್ದೇವೆ. ಊರಿನ ಹೆಸರು ಕೇಳಬೇಡಿ. ನಾನು ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಅತ್ತೆ, ನಾನು, ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ದಿನಕ್ಕೆ 300 ರೊಟ್ಟಿ ಬಡಿಯುತ್ತೇವೆ.

ಹೋದ ವಾರ ಹನಮಪ್ಪನ ಗುಡಿ ಮುಂದೆ ದೈವ, ಅಂದರೆ ಊರ ಹಿರಿಯರ ಸಭೆ, ಕೂಡಿತ್ತು. ಮೇ 7ಕ್ಕೆ ಲೋಕಸಭೆ ಮತದಾನ ಇದೆಯಲ್ಲ, ಅದಕ್ಕೆ ಊರಿನಿಂದ ಒಬ್ಬರೂ ಹೋಗಬಾರದು ಅಂತ ಮಾತಾಯಿತು. ನಾನೂ ಕೈ ಎತ್ತಿದೆ. ಯಾಕೆ ಅಂತ ಹೇಳುತ್ತೇನೆ. ನಮಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಮನೆಗೆ ಎಂಟು ಕೊಡ. ಮಾಳಿಗೆ ಹತ್ತಿದರೆ ಕೃಷ್ಣಾ ನದಿ ಹಿನ್ನೀರು ಕಾಣುತ್ತದೆ, ಹಿಟ್ಟು ನಾದಲು ಮಾತ್ರ ನೀರು ಅಳೆದು ಹಾಕಬೇಕು. ಇನ್ನು ಹಕ್ಕುಪತ್ರ. ಈ ಮನೆಗೆ ಬಂದು 20 ವರ್ಷ ದಾಟಿತು, ಜಾಗ ನಮ್ಮದು ಅನ್ನೋಕೆ ಒಂದು ಕಾಗದ ಇಲ್ಲ. ರೊಟ್ಟಿ ಮಷಿನ್‌ಗೆ ಸಾಲ ಕೇಳಲು ಹೋದಾಗ ಅದೇ ಕಾಗದ ಕೇಳಿ ವಾಪಸ್ ಕಳಿಸಿದರು. ಇಷ್ಟು ವರ್ಷ ಮತ ಹಾಕಿದ್ದಕ್ಕೆ ಏನು ಬಂತು ಅಂತ ನನಗೂ ಸಿಟ್ಟಿದೆ.

ಆದರೆ ಅಲ್ಲಿಗೇ ನಿಲ್ಲಲಿಲ್ಲ. ಮತ ಹಾಕಿದವರಿಗೆ 5,000 ರೂಪಾಯಿ ದಂಡ, ಅವರ ಜೋಳ ಊರ ಗಿರಣಿಯಲ್ಲಿ ಬೀಸುವುದಿಲ್ಲ ಅಂತಲೂ ಸೇರಿಸಿದರು. ದಿನಾ ಬೀಸಿಕೊಂಡು ಬಂದರೇ ನಮ್ಮ ಒಲೆ ಹೊತ್ತುವುದು.

ಅತ್ತೆಗೆ 79. ಮೊದಲ ಮತ ಹಾಕಿದ್ದು 1967ರಲ್ಲಿ. ಆಗ 21 ತುಂಬಬೇಕಿತ್ತು. ಅಲ್ಲಿಂದ ಒಂದೂ ಬಿಟ್ಟಿಲ್ಲ, ಮಾವ ತೀರಿದ ವರ್ಷವೂ ಹೋಗಿದ್ದರು. ಸುದ್ದಿ ಕೇಳಿದವರೇ ಹಂಚಿನ ಮುಂದಿನಿಂದ ಎದ್ದು ಬಂದು ಹೇಳಿದ್ದು ಇದು: "ಊರು ಮುಳುಗಿತು, ಹೊಲ ಮುಳುಗಿತು. ಇದೊಂದು ಬೆರಳು ಉಳಿದೈತಿ. ಇದನ್ನೂ ನೀವಾ ಮುಳುಗಸ್ತೀರೇನು?" ನನಗೆ ಉತ್ತರ ಹೊಳೆಯಲಿಲ್ಲ.

ಮತ ಹಾಕದೇ ಇರುವುದು ತಪ್ಪಾ? ಊರವರು ದಂಡ ಹಾಕಬಹುದಾ? ಅತ್ತೆ ಮನೆಯಿಂದಲೇ ಮತ ಹಾಕಲು ಆಗುತ್ತದಾ? ಹೋಗಿ ನೋಟಾ (ಯಾವ ಅಭ್ಯರ್ಥಿಯೂ ಬೇಡ ಅನ್ನುವ ಬಟನ್) ಒತ್ತಿದರೆ ನಮ್ಮ ಸಿಟ್ಟು ಲೆಕ್ಕಕ್ಕೆ ಬರುತ್ತದಾ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು, ಸವದತ್ತಿ

ತಂಗೀ, ಸರ್ವಿಸಿನಲ್ಲಿದ್ದಾಗ ಸಾಕಷ್ಟು ಚುನಾವಣೆ ಡ್ಯೂಟಿ ಮಾಡಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮತ ಹಾಕದೇ ಇರುವುದು ಅಪರಾಧ ಅಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಚುನಾವಣಾ ಹಕ್ಕು ಅಂದರೆ ಏನು ಅಂತ ಬರೆದಿದೆ. ಮತ ಹಾಕುವುದೂ ಅದರಲ್ಲಿದೆ, ಹಾಕದೇ ಇರುವುದೂ ಅದರಲ್ಲೇ ಇದೆ. ನೀವು ಮನೆಯಲ್ಲಿ ಕೂತರೆ ಯಾರೂ ಕೇಳುವಂತಿಲ್ಲ. ಅದೇ ರೀತಿ ನಿಮ್ಮ ಅತ್ತೆಯವರು ಹೊರಟರೆ ಯಾರೂ ತಡೆಯುವಂತಿಲ್ಲ. ದಂಡ ಹಾಕ್ತೀವಿ, ಗಿರಣಿ ಬಂದ್ ಮಾಡ್ತೀವಿ ಅಂತ ಹೆದರಿಸುವುದು ಭಾರತೀಯ ದಂಡ ಸಂಹಿತೆಯ (2024ರ ಜುಲೈ 1ರಿಂದ ಅದರ ಬದಲು ನ್ಯಾಯ ಸಂಹಿತೆ ಬರುತ್ತದೆ) 171ಸಿ ಕೆಳಗೆ ಬರುತ್ತದೆ. ಒಂದು ವರ್ಷದವರೆಗೆ ಜೈಲು ಆಗಬಹುದು. 1950ಕ್ಕೆ ಫೋನ್ ಮಾಡಿದರೆ ದೂರು ತಗೊಳ್ಳುತ್ತಾರೆ. ಆದರೆ ಮೊದಲು ಹಿರಿಯರ ಹತ್ತಿರ ಮಾತಾಡಿ. ನಾಳೆಯೂ ಅದೇ ಊರಲ್ಲಿ ಬಾಳಬೇಕಲ್ವಾ.

ಮನೆಯಿಂದ ಮತ ಈ ಸಲ 85 ದಾಟಿದವರಿಗೆ ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮಾತ್ರ. ಅದಕ್ಕೆ 12ಡಿ ಫಾರಂ ಕೊಡುವ ದಿನವೂ ಮುಗಿದಿದೆ. ನಿಮ್ಮ ಅತ್ತೆಯವರು ಬೂತಿಗೇ ಹೋಗಬೇಕು.

ನೋಟಾ ಬಂದದ್ದು 2013ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಅದಕ್ಕೂ ಮೊದಲು 49ಓ ನಿಯಮ ಒಂದೇ ಇತ್ತು. ಒಲ್ಲೆ ಅನ್ನುವವರು ನನ್ನಂಥ ಅಧಿಕಾರಿ ಮುಂದೆ ನಿಂತು ಹೇಳಬೇಕಿತ್ತು. 17ಎ ಅನ್ನುವ ಮತದಾರರ ರಿಜಿಸ್ಟರಿನಲ್ಲಿ ಅದನ್ನು ಬರೆದು ಸಹಿ ಹಾಕಿಸುತ್ತಿದ್ದೆವು. ಎಲ್ಲ ಏಜೆಂಟರ ಎದುರಿಗೇ! ಗುಟ್ಟು ಎಲ್ಲಿ ಉಳಿಯುತ್ತದೆ? ಈಗ ಮಷಿನ್‌ನಲ್ಲಿ ಕೊನೆಯ ಬಟನ್ ಅದಕ್ಕೇ ಇದೆ. ಎಷ್ಟು ಬಿತ್ತು ಅಂತ ಎಣಿಸುತ್ತಾರೆ, ಪ್ರಕಟಿಸುತ್ತಾರೆ. ಆದರೆ ಅದಕ್ಕೇ ಜಾಸ್ತಿ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆಲ್ಲುತ್ತಾರೆ.

ಒಂದು ಸಲ ನನ್ನ ಬೂತಿಗೆ ಇಡೀ ದಿನ ಯಾರೂ ಬರಲಿಲ್ಲ. ಆ ಊರಿನದು ರಸ್ತೆ ಬೇಡಿಕೆ. ಬೆಳಗ್ಗೆ ಅಣಕು ಮತದಾನ ಮಾಡಿ, ಮಷಿನ್ ಕ್ಲಿಯರ್ ಮಾಡಿ, ಸೀಲ್ ಹಾಕಿ ಕೂತೆವು. ಮೈಸೂರಿನ ಶಾಯಿ ಬಾಟಲಿ ಮುಂದೆ ಇಟ್ಟುಕೊಂಡು ಸಂಜೆವರೆಗೆ ಬಾಗಿಲು ನೋಡಿದ್ದೇ ಬಂತು. ಕಿಟಕಿಯಲ್ಲಿ ಒಬ್ಬ ಮುದುಕ ಎರಡು ಸಲ ಬಂದು ಇಣುಕಿ ನೋಡಿ ಹೋದ. ಎರಡನೇ ಸಲ ಕೈಯಲ್ಲಿ ಗುರುತಿನ ಚೀಟಿ ಇತ್ತು. ಅವನ ಹಿಂದೆ ನಾಲ್ಕು ಹುಡುಗರು ನಿಂತಿದ್ದರು. ಇಂದಿಗೂ ಅವನ ಮುಖ ಕಣ್ಣ ಮುಂದೆ ಬರುತ್ತದೆ. ಮತ ಬೀಳಲಿಲ್ಲ ಅಂತ ಆ ಊರಿಗೆ ಮರುಮತದಾನವೂ ಆಗಲಿಲ್ಲ, ಲೆಕ್ಕದಲ್ಲಿ ಸೊನ್ನೆ ಬರೆದರು ಅಷ್ಟೇ.

ಇಂಡಿ ತಾಲೂಕಿನವ, ವಿಜಯಪುರ ಜಿಲ್ಲೆ

ಮೇಷ್ಟ್ರೇ, ಕಾನೂನು ನೀವು ಹೇಳಿದ್ದು ಸರಿ. ಆದರೆ ಅಕ್ಕಾರೇ, ಬಹಿಷ್ಕಾರ ಅನ್ನೋದು ಒಗ್ಗಟ್ಟಿನಿಂದ ಮಾತ್ರ ನಿಲ್ಲುತ್ತದೆ. ನಮ್ಮೂರಲ್ಲಿ 2018ರ ವಿಧಾನಸಭೆ ಚುನಾವಣೆಯಲ್ಲಿ ಇದನ್ನೇ ಮಾಡಿದೆವು. ಹಳ್ಳಕ್ಕೆ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಬಸುರಿ ಹೆಂಗಸರನ್ನು ಹೊರಸಿನ ಮೇಲೆ ಹೊತ್ತು ದಾಟಿಸಿದ್ದೇವೆ. ಮಧ್ಯಾಹ್ನ 12ರವರೆಗೆ ಒಂದೂ ಮತ ಬೀಳಲಿಲ್ಲ. ಆಮೇಲೆ ಜೀಪುಗಳು ಬಂದವು. ಅಷ್ಟು ವರ್ಷ ಅರ್ಜಿ ಕೊಟ್ಟಾಗ ಮುಖ ಎತ್ತಿ ನೋಡದವರು ಅವತ್ತು ಕಟ್ಟೆ ಮೇಲೆ ನಮ್ಮ ಜೊತೆ ಕೂತು ಚಹಾ ಕುಡಿದರು. ಬಿಳಿ ಹಾಳೆ ಮೇಲೆ ಬರೆದು ಕೊಟ್ಟರು, ಸಂಜೆ 4ಕ್ಕೆ ಸಾಲಾಗಿ ಹೋಗಿ ಹಾಕಿ ಬಂದೆವು. ಸೇತುವೆ ಮುಗಿಯಲು ಮೂರು ವರ್ಷ ಹಿಡಿಯಿತು, ಆದರೂ ಆಯಿತು.

ಬೆಳಗ್ಗೆಯೇ ಹತ್ತು ಜನ ಹೋಗಿದ್ದರೆ ಆ ಜೀಪು ಬರುತ್ತಿರಲಿಲ್ಲ. ನಿಮ್ಮ ಅತ್ತೆಯವರಿಗೆ ಇದನ್ನು ಸಮಾಧಾನದಿಂದ ಹೇಳಿ ನೋಡಿ. ದಂಡದ ಮಾತು ಮಾತ್ರ ತಪ್ಪು. ನಮ್ಮಲ್ಲಿ ಯಾರಿಗೂ ದಂಡ ಹಾಕಿರಲಿಲ್ಲ, ಮನೆ ಮನೆಗೆ ಹೋಗಿ ಕೈ ಮುಗಿದು ಕೇಳಿದ್ದೆವು.

ಖಾನಾಪುರ ಹುಡುಗಿ

ನನಗೆ ಇದೇ ಮೊದಲ ಮತ. ಅಜ್ಜಿಯ ಮಾತು ಓದಿ ಕಣ್ಣು ತುಂಬಿ ಬಂತು. ದಯವಿಟ್ಟು ಅವರನ್ನು ಕರಕೊಂಡು ಹೋಗಿ ಅಕ್ಕಾ.

ನಿವೃತ್ತ ಮೇಷ್ಟ್ರು, ಸವದತ್ತಿ

ಇಂಡಿಯವರ ಮಾತಿನಲ್ಲಿ ಹುರುಳಿದೆ. ಕೈ ಮುಗಿದು ಕೇಳುವುದಕ್ಕೂ ಗಿರಣಿ ಬಂದ್ ಮಾಡುವುದಕ್ಕೂ ಬಹಳ ವ್ಯತ್ಯಾಸ ಇದೆ ಅನ್ನುವುದೇ ನನ್ನ ಮಾತು. ಸಿಟ್ಟು ತೋರಿಸಲು ಬೇರೆ ದಾರಿಯೂ ಇತ್ತು, ಗುಂಪಾಗಿ ತಾವೇ ಚುನಾವಣೆಗೆ ನಿಲ್ಲುವುದು. 1996ರಲ್ಲಿ ನಮ್ಮ ಬೆಳಗಾವಿ ಲೋಕಸಭೆ ಕ್ಷೇತ್ರದಲ್ಲಿ 456 ಜನ ಕಣದಲ್ಲಿದ್ದರು! ಅಷ್ಟು ಹೆಸರು ಮತಪತ್ರದಲ್ಲಿ ಹಿಡಿಸುವುದೇ ದೊಡ್ಡ ತಲೆನೋವು. ಅದೇ ವರ್ಷ ಅಭ್ಯರ್ಥಿ ಕಟ್ಟಬೇಕಾದ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಈಗ 25,000. ಆ ದಾರಿ ಬಡವರಿಗೆ ಮುಚ್ಚಿದ ಹಾಗೆಯೇ.

ರೊಟ್ಟಿಮನೆ, ಬಾಗಲಕೋಟೆ ಜಿಲ್ಲೆ (3 ಮೇ)

ಎಲ್ಲರಿಗೂ ಶರಣು. ಇಂಡಿ ಅಣ್ಣನವರ ಉತ್ತರ ಅತ್ತೆಗೆ ಓದಿ ಹೇಳಿದೆ. ಸೇತುವೆ ಆಗಿದ್ದು ಕೇಳಿ ಖುಷಿಪಟ್ಟರು. "ಅವರು ಛಲೋ ಮಾಡ್ಯಾರ. ನಾ ಹೋಗ್ತೀನಿ" ಅಂದರು.

ನಿನ್ನೆ ಜೋಳ ತಗೊಂಡು ಗಿರಣಿಗೆ ಹೋಗಿದ್ದೆ. ದೈವದ ಹಿರಿಯರೊಬ್ಬರು ಅಲ್ಲೇ ಕೂತಿದ್ದರು. ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ, 171ಸಿ ಒಂದನ್ನು ಬಿಟ್ಟು. ಕೇಸಿನ ಮಾತು ಎತ್ತಿದರೆ ಮಾತೇ ಮುರಿಯುತ್ತಿತ್ತು. "ಕಾಕಾ, ನಾನು ಮತ ಹಾಕೋದಿಲ್ಲ. ಅದು ನನ್ನ ಮನಸ್ಸಿನಿಂದ ಬಂದದ್ದು. ಆದರೆ ಹೆದರಿಸಿ ಕೂಡಿಸಿದರೆ ಅದು ಅತ್ತೆಯ ಸಿಟ್ಟು ಹೇಗೆ ಆಗುತ್ತದೆ? ನೀರಿಗೆ ಅಂತ ಕೂತವರು ಎಷ್ಟು, ದಂಡಕ್ಕೆ ಹೆದರಿ ಕೂತವರು ಎಷ್ಟು ಅಂತ ಸರ್ಕಾರಕ್ಕೆ ಗೊತ್ತಾಗೋದು ಹೇಗೆ?" ಅಂದೆ. ಅವರು ಏನೂ ಅನ್ನಲಿಲ್ಲ. ಹಿಟ್ಟು ಬೀಸಿ ಮುಗಿದಾಗ ಡಬ್ಬಿ ನನ್ನ ತಲೆ ಮೇಲೆ ಎತ್ತಿಟ್ಟರು.

ರೊಟ್ಟಿಮನೆ, ಬಾಗಲಕೋಟೆ ಜಿಲ್ಲೆ (8 ಮೇ)

ನಿನ್ನೆ ಬೆಳಗ್ಗೆ ಏಳಕ್ಕೇ ಹೊರಟೆವು, ಬಿಸಿಲು ಏರುವ ಮೊದಲು. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಗುಡಿ ಕಟ್ಟೆ ಮೇಲೆ ಏಳೆಂಟು ಜನ ಇದ್ದರು. ಒಬ್ಬ ಹುಡುಗ ಎದ್ದು ನಿಂತ. ಆ ಕಾಕಾ ಅವನ ಭುಜದ ಮೇಲೆ ಕೈ ಇಟ್ಟು ಕೂಡಿಸಿದರು.

ಶಾಲೆಯ ಗೇಟಿನವರೆಗೆ ಬಿಟ್ಟು ನಾನು ಹೊರಗೇ ನಿಂತೆ. ಒಳಗೆ ಹೋಗಲಿಲ್ಲ. ಒಬ್ಬ ಪೊಲೀಸಪ್ಪ "ನೀವೂ ಹಾಕಿ ಬನ್ನಿ" ಅಂದ. ಇಲ್ಲ ಅಂದೆ. ನನ್ನ ಎಂಟು ಕೊಡದ ಲೆಕ್ಕ ಇನ್ನೂ ಹಾಗೇ ಇದೆ. ಮಧ್ಯಾಹ್ನ ಅಧಿಕಾರಿಗಳು ಬಂದು ನೀರಿನ ಬಗ್ಗೆ ಬರೆದು ಕೊಟ್ಟರು, ಹಕ್ಕುಪತ್ರದ ಬಗ್ಗೆ ಬರೆಯಲು ಒಪ್ಪಲಿಲ್ಲ. ಸ್ವಲ್ಪ ಜನ ಹೋಗಿ ಹಾಕಿ ಬಂದರು, ಜಾಸ್ತಿ ಜನ ಹೋಗಲಿಲ್ಲ. ದಂಡದ ಸುದ್ದಿ ಯಾರೂ ಎತ್ತಿಲ್ಲ.

ಅತ್ತೆ ಹೊರಗೆ ಬಂದಾಗ ಎಡಗೈ ತೋರುಬೆರಳಿನ ಮೇಲೆ ಶಾಯಿ ನೇರಳೆ ಬಣ್ಣ ಇತ್ತು. ಬಿಸಿಲಲ್ಲಿ ನಡೆದು ಮನೆ ಮುಟ್ಟುವಷ್ಟರಲ್ಲಿ ಕಪ್ಪಾಯಿತು. ಯಾರಿಗೆ ಹಾಕಿದಿರಿ ಅಂತ ಕೇಳಿದೆ, ಹೇಳಲಿಲ್ಲ. ಇವತ್ತು ರೊಟ್ಟಿ ಬಡಿಯುವಾಗ ಆ ಬೆರಳಿಗೆ ಹಿಟ್ಟು ಮೆತ್ತಿತ್ತು. ಸೆರಗಿನಿಂದ ಒರೆಸಿಕೊಂಡು ನನಗೆ ತೋರಿಸಿದರು. ಗೆರೆ ಹಾಗೇ ಇತ್ತು.