ಪ್ರಶ್ನೋತ್ತರ: "ಆಗ ಚೆನ್ನಾಗಿತ್ತು" ಅಂತ ಪೋಲೆಂಡಿನ ಹಿರಿಯರು ಹೇಳಿದರೆ ಯಾವ ವರ್ಷ ಅಂತ ಕೇಳಿ

ಪ್ರಶ್ನೆ (ಪೋಲೆಂಡಿನ ವ್ರೊತ್ಸ್ವಾಫ್ ನಗರದಿಂದ ಒಬ್ಬ ಸದಸ್ಯರು): ಆಫೀಸಿನಲ್ಲಿ ಮೂವತ್ತರ ಆಸುಪಾಸಿನವರು ಕಮ್ಯುನಿಸಂ ಅಂದರೆ ಮುಖ ಸಿಂಡರಿಸುತ್ತಾರೆ. ಅವರದೇ ಮನೆಯ ಹಿರಿಯರು "ಆಗ ಎಲ್ಲರಿಗೂ ಕೆಲಸ ಇತ್ತು, ಮನೆ ಇತ್ತು" ಅಂತಾರೆ. ಯಾರ ಮಾತು ನಿಜ? ಸಮೀಕ್ಷೆಗಳು ಏನು ಹೇಳುತ್ತವೆ?

ಉತ್ತರ (ಪೂರ್ವ ಯುರೋಪಿನ ಇತಿಹಾಸ ಕಲಿಸುವವರು): ಮೊದಲು ಅವರು ಬಳಸುವ ಪದಕ್ಕೆ ಕಿವಿಗೊಡಿ. "ಜಾ ಕೊಮುನಿ" ಅಂದರೆ ಕೊಮುನಾ, ಅಂದರೆ ಕಮ್ಯುನಿಸ್ಟ್ ಆಡಳಿತದ, ಕಾಲದಲ್ಲಿ ಅಂತ. ಅದರಲ್ಲಿ ತಾತ್ಸಾರ ಇದೆ. "ಪೆ-ಎರ್-ಎಲ್" ಅನ್ನುವುದು 1952ರಿಂದ 1989ರವರೆಗೆ ದೇಶಕ್ಕಿದ್ದ ಅಧಿಕೃತ ಹೆಸರಿನ (ಪೋಲಿಷ್ ಜನತಾ ಗಣರಾಜ್ಯ) ಮೊದಲಕ್ಷರಗಳು, ಅದು ತಟಸ್ಥ. ಮೂರನೆಯದು "ಜಾ ಗೆರ್ಕಾ", ಗೆರೆಕ್ ಕಾಲದಲ್ಲಿ. ಮುಖದಲ್ಲಿ ನಗು ಮೂಡುವುದು ಈ ಮಾತಿಗೆ. ಎಡ್ವರ್ಡ್ ಗೆರೆಕ್ 1970ರ ಡಿಸೆಂಬರಿನಿಂದ 1980ರ ಸೆಪ್ಟೆಂಬರಿನವರೆಗೆ ಆಳುವ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದರು. ಪಶ್ಚಿಮ ದೇಶಗಳಿಂದ ಸಾಲ ಬಂತು, ಇಟಲಿಯ ಪರವಾನಗಿಯಲ್ಲಿ ಪುಟ್ಟ ಫಿಯಟ್ 126ಪಿ ಬಂತು, ಕೋಕಾಕೋಲಾ ಬಂತು. 1978ರಲ್ಲಿ ಒಂದೇ ವರ್ಷ ಸುಮಾರು 2,84,000 ಫ್ಲ್ಯಾಟ್ ಕಟ್ಟಿ ಮುಗಿಸಿದರು. ಆ ದಾಖಲೆಯನ್ನು ಮಾರುಕಟ್ಟೆಯ ಕಾಲವೂ ಮುರಿದಿಲ್ಲ. ಆದರೆ ಗೆರೆಕ್ ಇಳಿಯುವ ಹೊತ್ತಿಗೆ ವಿದೇಶಿ ಸಾಲ 2,000 ಕೋಟಿ ಡಾಲರ್ ದಾಟಿತ್ತು. ಆ ಸಾಲದ ಬಾಲ ತೀರಿದ್ದು 2012ರಲ್ಲಿ.

ಅಂದಮೇಲೆ "ಆಗ" ಅನ್ನುವುದು ಒಂದು ಕಾಲವಲ್ಲ. ಸಾಲದ ದುಡ್ಡಿನ 1974ನ್ನು ನೆನೆಯುವವರೂ ಸೇನಾಡಳಿತದ 1982ನ್ನು ನೆನೆಯುವವರೂ ಬೇರೆ ಬೇರೆ ದೇಶದ ಮಾತಾಡುತ್ತಿರುತ್ತಾರೆ.

ಇನ್ನು ಸಮೀಕ್ಷೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಬಹುಪಕ್ಷ ವ್ಯವಸ್ಥೆಗೆ ಬದಲಾದದ್ದನ್ನು ಮೆಚ್ಚಿದ ಪೋಲಿಷ್ ಜನ 2009ರಲ್ಲಿ ಶೇ. 70, 2019ರಲ್ಲಿ ಶೇ. 85. ಮಾರುಕಟ್ಟೆ ಆರ್ಥಿಕತೆಗೆ ಬದಲಾದದ್ದರ ಬಗ್ಗೆಯೂ ಹೆಚ್ಚುಕಡಿಮೆ ಅದೇ ಏರಿಕೆ. ಹಳೆಯದನ್ನು ಮರಳಿ ತನ್ನಿ ಅನ್ನುವವರು ತೀರಾ ಕಡಿಮೆ. ಎಡವಟ್ಟು ಆಗುವುದು "ಬದಲಾವಣೆ ಸರಿಯೇ?" ಅನ್ನುವ ಪ್ರಶ್ನೆಯನ್ನೂ "ಆಗಿನ ನಿಮ್ಮ ಬದುಕು ಹೇಗಿತ್ತು?" ಅನ್ನುವುದನ್ನೂ ಬೆರೆಸಿದಾಗ. ಎರಡನೆಯದಕ್ಕೆ ಜನ ಹೇಳುವ ಉತ್ತರದಲ್ಲಿ ಅರ್ಧ ತಮ್ಮ ಇಪ್ಪತ್ತನೆಯ ವಯಸ್ಸಿನ ಬಗ್ಗೆ ಇರುತ್ತದೆ. ಒಬ್ಬರೇ ಮೊದಲನೆಯದಕ್ಕೆ "ಹೌದು, ಸರಿ", ಎರಡನೆಯದಕ್ಕೆ "ಚೆನ್ನಾಗಿತ್ತು" ಅಂದರೆ ಅದರಲ್ಲಿ ವಿರೋಧವೇನಿಲ್ಲ.

ಪ್ರಶ್ನೆ: ರೇಷನ್, ಕ್ಯೂ ಅಂತ ಬಹಳ ಕೇಳುತ್ತೇವೆ. ನಮ್ಮ ನ್ಯಾಯಬೆಲೆ ಅಂಗಡಿಯ ಹಾಗೇನಾ?

ಉತ್ತರ (ಅದೇ ಇತಿಹಾಸದವರು): ತಿರುಗುಮುರುಗು. ನಮ್ಮಲ್ಲಿ ಕಾರ್ಡಿದ್ದರೆ ಅಗ್ಗ, ಇಲ್ಲದಿದ್ದರೆ ಹೊರಗಿನ ಅಂಗಡಿಯಲ್ಲಿ ದುಬಾರಿ. ಅಲ್ಲಿ "ಕಾರ್ತ್ಕಾ" ಅನ್ನುವ ಚೀಟಿ ಇಲ್ಲದೆ ಸರ್ಕಾರಿ ಅಂಗಡಿಯಲ್ಲಿ ಆ ವಸ್ತುವೇ ಸಿಗದು. ಇದ್ದರೂ ಸಿಗುವ ಖಾತರಿ ಇಲ್ಲ. ಚೀಟಿ ಅಂದರೆ ಕೊಳ್ಳುವ ಹಕ್ಕು, ದುಡ್ಡು ಬೇರೆ ಕೊಡಬೇಕು, ಮಾಲು ಬಂದ ದಿನ ಸಾಲಲ್ಲೂ ನಿಂತಿರಬೇಕು.

ಮೊದಲು ಬಂದದ್ದು ಸಕ್ಕರೆ ಚೀಟಿ, 1976ರ ಆಗಸ್ಟಿನಲ್ಲಿ, ತಲೆಗೆ ತಿಂಗಳಿಗೆ 2 ಕೆ.ಜಿ. 1981ರ ಏಪ್ರಿಲ್‌ನಿಂದ ಮಾಂಸಕ್ಕೂ ಬಂತು. ಸಾಮಾನ್ಯ ನೌಕರರಿಗೆ ತಿಂಗಳಿಗೆ 2.5 ಕೆ.ಜಿ., ಗಣಿಯಂಥ ಕಷ್ಟದ ಕೆಲಸದವರಿಗೆ ಹೆಚ್ಚು. ಆಮೇಲೆ ಬೆಣ್ಣೆ, ಹಿಟ್ಟು, ಅಕ್ಕಿ, ಸೋಪಿನ ಪುಡಿ, ಮಕ್ಕಳ ಚಾಕೊಲೇಟ್. ದೊಡ್ಡವರಿಗೆ ತಿಂಗಳಿಗೆ ಅರ್ಧ ಲೀಟರ್ ವೋಡ್ಕಾ. ಚೀಟಿ ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ಕೆಲಸದ ಜಾಗದಿಂದ, ಮೊಹರು ಒತ್ತಿ. ಅಂಗಡಿಯಾಕೆ ಕತ್ತರಿಯಲ್ಲಿ ಆ ಚೌಕ ಕತ್ತರಿಸಿಕೊಳ್ಳುತ್ತಿದ್ದಳು. ಕುಡಿಯದವರು ವೋಡ್ಕಾ ಚೀಟಿ ಕೊಟ್ಟು ಸಕ್ಕರೆ ಚೀಟಿ ತಗೊಳ್ಳುತ್ತಿದ್ದರು, ಹೀಗೆ ಚೀಟಿಯೇ ಚಿಲ್ಲರೆ ನಾಣ್ಯವಾಯಿತು. ಮಾಂಸದ ಚೀಟಿ ಹೋದದ್ದು 1989ರ ಬೇಸಿಗೆಯಲ್ಲಿ, ಅಂದರೆ ಕಮ್ಯುನಿಸ್ಟರು ಸೋತ ಜೂನ್ ಚುನಾವಣೆ ಮುಗಿದ ಮೇಲೆ.

ಫ್ರಿಜ್, ಸೋಫಾ, ವಾಷಿಂಗ್ ಮಷೀನಿನಂಥ ದೊಡ್ಡ ಸಾಮಾನಿಗೆ ಒಂದು ದಿನದ ಕ್ಯೂ ಸಾಲದು. ಅದಕ್ಕೆ ಜನರೇ "ಕ್ಯೂ ಸಮಿತಿ" ಮಾಡಿಕೊಂಡು ಹೆಸರಿನ ಪಟ್ಟಿ ಇಡುತ್ತಿದ್ದರು. ದಿನಕ್ಕೆ ಹಲವು ಸಲ, ಕೆಲವೊಮ್ಮೆ ರಾತ್ರಿಯೂ ಹಾಜರಿ. ಹಾಜರಿಗೆ ಇಲ್ಲದವರ ಹೆಸರಿಗೆ ಗೀಟು. ಹಣ ತಗೊಂಡು ನಿಮ್ಮ ಬದಲು ನಿಲ್ಲುವವನಿಗೆ "ಸ್ತಾಚ್" ಅಂತ ಹೆಸರು, ಅದೂ ಒಂದು ಕಸುಬು. ನಿವೃತ್ತರು ಮನೆಯಲ್ಲಿ ಬೆಲೆಬಾಳುವವರಾದದ್ದು ಹೀಗೆ, ಅವರಿಗೆ ಹೊತ್ತಿತ್ತಲ್ಲ. ಇನ್ನು "ಸ್ಪೊದ್ ಲಾಡಿ" ಅಂದರೆ ಕೌಂಟರಿನ ಅಡಿಯಿಂದ. ಒಳ್ಳೆಯ ಮಾಲು ಕಪಾಟು ಹತ್ತುವ ಮೊದಲೇ ಪರಿಚಯದವರಿಗೆ ಹೋಗುತ್ತಿತ್ತು. ಈ ಇಡೀ ವ್ಯವಹಾರಕ್ಕೆ ಕ್ರಿಯಾಪದ "ಜಾವಾತ್ವಿಚ್", ನಮ್ಮ "ಹೇಗೋ ಮಾಡಿಸ್ಕೊಂಡೆ" ಇದೆಯಲ್ಲ, ಸರಿಸುಮಾರು ಅದೇ.

ಕುತೂಹಲಕ್ಕೆ: ಪೋಲೆಂಡಿನ ರಾಷ್ಟ್ರೀಯ ಸ್ಮೃತಿ ಸಂಸ್ಥೆ 2011ರಲ್ಲಿ "ಕೊಲೆಯ್ಕಾ", ಅಂದರೆ ಕ್ಯೂ, ಅನ್ನುವ ಬೋರ್ಡ್ ಆಟವನ್ನೇ ಹೊರತಂದಿತು. ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಅನ್ನುವುದು ಪುಟಗಟ್ಟಲೆ ಓದುವುದಕ್ಕಿಂತ ಅದನ್ನು ಒಂದು ಸಂಜೆ ಆಡಿದರೆ ಬೇಗ ತಿಳಿಯುತ್ತದೆ.

ಪ್ರಶ್ನೆ: ಆಗಿನ ಸಂಬಳಕ್ಕೆ ಇಷ್ಟು ಬ್ರೆಡ್ ಬರುತ್ತಿತ್ತು, ಈಗ ಇಷ್ಟು ಅಂತ ಒಂದು ಪಟ್ಟಿ ಓಡಾಡುತ್ತಿದೆ. ನಂಬಬಹುದಾ?

ಉತ್ತರ (ಅರ್ಥಶಾಸ್ತ್ರ ಬೋಧಕಿ): ಆ ಲೆಕ್ಕದಲ್ಲಿ ಮೂರು ಕಡೆ ಜಾರುತ್ತಾರೆ. ಒಂದು, ಬ್ರೆಡ್, ಹಾಲು, ಬಸ್ ಟಿಕೆಟ್, ಬಾಡಿಗೆಗೆ ಸಬ್ಸಿಡಿ ಇತ್ತು, ಅದನ್ನೇ ಆರಿಸಿದರೆ ಹಳೆಯ ಕಾಲ ಗೆಲ್ಲುತ್ತದೆ. ಬಣ್ಣದ ಟಿ.ವಿ., ಶೂ, ಕಾಫಿ ಆರಿಸಿ, ಈಗಿನದು ಗೆಲ್ಲುತ್ತದೆ. ಎರಡು, ಅಧಿಕೃತ ಬೆಲೆ ಅನ್ನುವುದು ಮಾಲು ಇದ್ದಾಗಿನ ಬೆಲೆ. 1981ರ ಕೊನೆಗೆ ಅಂಗಡಿಯಲ್ಲಿ ವಿನೆಗರ್ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ ಅನ್ನುವುದು ಅಲ್ಲಿ ಗಾದೆಯಷ್ಟು ಹಳೆಯ ಮಾತು. ಖಾಲಿ ಕಪಾಟಿಗೆ ಅಂಟಿಸಿದ ಅಗ್ಗದ ದರದಿಂದ ಹೊಟ್ಟೆ ತುಂಬದು. ಮೂರು, ಯಾವ ವರ್ಷದ ಸಂಬಳ? 1982ರ ಫೆಬ್ರವರಿಯಲ್ಲಿ ಆಹಾರದ ಬೆಲೆಗಳನ್ನು ಒಂದೇ ಏಟಿಗೆ ಹಲವು ಪಟ್ಟು ಏರಿಸಿದರು, ಆ ವರ್ಷ ನಿಜ ವೇತನ ಸುಮಾರು ಕಾಲು ಭಾಗ ಕುಸಿಯಿತು.

ಸರಿಯಾಗಿ ಅಳೆಯಬೇಕಿದ್ದರೆ ಕಾರು ನೋಡಿ. 1981ರಲ್ಲಿ ಫಿಯಟ್ 126ಪಿಗೆ ಮುಂಗಡ ಕಟ್ಟಿಸಿಕೊಂಡು, ಯಾವ ವರ್ಷ ಕಾರು ಸಿಗುತ್ತದೆ ಅಂತ ಲಾಟರಿ ಎತ್ತಿದರು. ತಕ್ಷಣ ಸಿಗುವ ಹಳೆಯ ಕಾರಿಗೆ ಬಜಾರಿನಲ್ಲಿ ಹೊಸದರ ಅಧಿಕೃತ ಬೆಲೆಗಿಂತ ಹೆಚ್ಚು ಕೊಡಬೇಕಿತ್ತು. ಆ ವ್ಯತ್ಯಾಸವೇ ಕಾಯುವಿಕೆಯ ಬೆಲೆ. ಬಹಳ ಜನಕ್ಕೆ ಕಾರು ಬರಲೇ ಇಲ್ಲ, 1990ರ ದಶಕದಲ್ಲಿ ಸರ್ಕಾರ ಪರಿಹಾರ ಕೊಡಬೇಕಾಯಿತು. (ಪೋಲಿಷ್ ಗಾಡಿಯ ಪರಿಚಯ ನಮಗೂ ಇದೆ: ಹಾಲಿನ ಕ್ಯಾನ್ ಹೊತ್ತು ಓಡಾಡಿದ ರಾಜ್‌ದೂತ್ ಬೈಕಿನ ಮೂಲ ಅಲ್ಲಿಯ ಎಸ್‌ಎಚ್‌ಎಲ್ ಎಂ11.)

ಡಾಲರ್ ಇದ್ದವರ ಲೋಕವೇ ಬೇರೆ. "ಪೆವೆಕ್ಸ್" ಅಂಗಡಿಯಲ್ಲಿ ಡಾಲರ್ ಅಥವಾ ಅದರ ಬದಲು ನಡೆಯುವ ಬ್ಯಾಂಕ್ ಕೂಪನ್ ಕೊಟ್ಟರೆ ಜೀನ್ಸ್, ಲೆಗೊ, ಒಳ್ಳೆಯ ವೋಡ್ಕಾ ಎಲ್ಲ ಇತ್ತು. 1980ರ ದಶಕದಲ್ಲಿ ಕಾಳಸಂತೆ ದರದಲ್ಲಿ ತಿಂಗಳ ಸಂಬಳ 20–30 ಡಾಲರಿನ ಸುತ್ತ. ಹಾಗಾಗಿ ಶಿಕಾಗೋದಲ್ಲಿ ಒಬ್ಬ ಚಿಕ್ಕಪ್ಪ ಇದ್ದರೆ ಎಂಜಿನಿಯರ್ ಪದವಿಗಿಂತ ದೊಡ್ಡ ಆಸ್ತಿ. "ಎಲ್ಲರೂ ಸಮಾನರಿದ್ದರು" ಅನ್ನುವ ಮಾತಿಗೆ ನನ್ನ ತಕರಾರು ಇದೇ.

ಪ್ರಶ್ನೆ: ಹಾಗಿದ್ದರೆ ಹಳೆಯದನ್ನು ನೆನೆಯುವವರೆಲ್ಲ ಸುಮ್ಮನೆ ಹಳಹಳಿಸುತ್ತಿದ್ದಾರಾ?

ಉತ್ತರ (ಅರ್ಥಶಾಸ್ತ್ರ ಬೋಧಕಿ): ಖಂಡಿತ ಅಲ್ಲ. 1990ರ ಜನವರಿ 1ರಂದು ದೇಶವನ್ನು ಮಾರುಕಟ್ಟೆ ಆರ್ಥಿಕತೆಗೆ ಬದಲಿಸುವ, ಹಣಕಾಸು ಸಚಿವ ಬಾಲ್ಸೆರೋವಿಚ್ ಅವರ ಯೋಜನೆ ಶುರುವಾಯಿತು. ಕಪಾಟು ಕೆಲವೇ ವಾರಗಳಲ್ಲಿ ತುಂಬಿತು, ಆದರೆ ಆ ವರ್ಷದ ಹಣದುಬ್ಬರ ಶೇ. 585 ದಾಟಿತು. ಅಲ್ಲಿಯತನಕ ನಿರುದ್ಯೋಗ ಅನ್ನುವ ಪದಕ್ಕೇ ಅಧಿಕೃತವಾಗಿ ಜಾಗವಿರಲಿಲ್ಲ. 1993ರ ಕೊನೆಗೆ ನಿರುದ್ಯೋಗಿಗಳು ಸುಮಾರು 29 ಲಕ್ಷ, ಅಂದರೆ ಶೇ. 16ಕ್ಕಿಂತ ಹೆಚ್ಚು. 2003ರ ಆರಂಭದಲ್ಲಿ ಶೇ. 20. ಮರುವರ್ಷ ಐರೋಪ್ಯ ಒಕ್ಕೂಟ ಸೇರಿದಾಗ ಜನ ಬ್ರಿಟನ್, ಐರ್ಲೆಂಡ್ ಕಡೆ ಬಸ್ ಹತ್ತಿದ್ದು ಇದಕ್ಕೇ.

ಪೆಟ್ಟು ಎಲ್ಲ ಕಡೆ ಒಂದೇ ಹಾಗೆ ಬೀಳಲಿಲ್ಲ. ಉತ್ತರ ಮತ್ತು ಪಶ್ಚಿಮದ "ಪೆಗೆಎರ್" ಸರ್ಕಾರಿ ಹೊಲಗಳ ಕಥೆ ಅತ್ಯಂತ ಕಠಿಣ. ಅಲ್ಲಿ ಕೆಲಸದ ಜೊತೆಗೆ ಮನೆ, ಶಿಶುವಿಹಾರ, ಕ್ಲಬ್ಬು, ಪೇಟೆಗೆ ಹೋಗುವ ಬಸ್ಸು ಎಲ್ಲವೂ ಹೊಲದ ಆಡಳಿತದ್ದೇ. 1991ರ ಕಾನೂನಿನಿಂದ ಹೊಲ ಮುಚ್ಚಿತು, ಬಸ್ಸೂ ನಿಂತಿತು, ಕೆಲಸ ಹುಡುಕಲು ಊರು ದಾಟುವ ದಾರಿಯೂ ಹೋಯಿತು. ವುಚ್ ನಗರದ ಬಟ್ಟೆ ಗಿರಣಿಗಳು ಸೋವಿಯತ್ ಗಿರಾಕಿ ಹೋದೊಡನೆ ಬಿದ್ದವು, ಕೆಲಸ ಕಳೆದುಕೊಂಡವರಲ್ಲಿ ಹೆಂಗಸರೇ ಹೆಚ್ಚು. ವಾವ್ಬ್ಜಿಖ್‌ನ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಜನ ಕಾಡಿನಲ್ಲಿ ತಾವೇ ಗುಂಡಿ ತೋಡಿ ಕಲ್ಲಿದ್ದಲು ತೆಗೆದು ಮಾರಿದರು. ಅಂಥ ಗುಂಡಿಗೆ "ಬಿಯೆದಾಶಿಬ್", ಬಡವರ ಗಣಿ, ಅಂತ ಹೆಸರು. ಅದೇ ಹೊತ್ತಿಗೆ ವಾರ್ಸಾ, ಪೊಜ್ನಾನ್‌ಗಳಲ್ಲಿ ಮಡಿಸುವ ಮಂಚದ ಮೇಲೆ ಸಾಮಾನು ಹರಡಿ ಶುರುಮಾಡಿದವರು ಅಂಗಡಿ ಮಾಲೀಕರಾದರು.

ಹೆಂಗಸರ ಲೆಕ್ಕ ಇನ್ನೂ ತೊಡಕು. 1956ರ ಕಾನೂನು ಕಷ್ಟದ ಜೀವನಸ್ಥಿತಿಯ ಕಾರಣಕ್ಕೂ ಗರ್ಭಪಾತಕ್ಕೆ ಅವಕಾಶ ಕೊಟ್ಟಿತ್ತು. 1993ರಲ್ಲಿ ಸ್ವತಂತ್ರ ಸಂಸತ್ತೇ ಅದನ್ನು ಕಿತ್ತುಕೊಂಡಿತು. ಕಾರ್ಖಾನೆಯ ಶಿಶುವಿಹಾರವೂ ಹೋಯಿತು. ಇನ್ನೊಂದು ಕಡೆ, ಆಗ ಮುಟ್ಟಿಗೆ ಬೇಕಾದ ಹತ್ತಿಗೂ ಅಲೆಯಬೇಕಿತ್ತು, ಕೆಲಸದ ಪಾಳಿ ಮುಗಿಸಿ ಕ್ಯೂನಲ್ಲಿ ನಿಲ್ಲುತ್ತಿದ್ದವರೂ ಅವರೇ.

ಆಯುಷ್ಯದ ಅಂಕಿ ಮಾತ್ರ ವಾದಕ್ಕೆ ಅಷ್ಟು ಎಡೆ ಕೊಡದು. ಗಂಡಸರ ಸರಾಸರಿ 1990ರಲ್ಲಿ 66 ವರ್ಷ, 2019ರಲ್ಲಿ 74.

ಪ್ರಶ್ನೆ: ಈಗಿನ ಬಗ್ಗೆ ಅವರ ದೂರು ಏನು?

ಉತ್ತರ (ಇತಿಹಾಸದವರು): ಮನೆ ಮತ್ತು ಡಾಕ್ಟರ್. ಆಗ ಸಹಕಾರಿ ಫ್ಲ್ಯಾಟಿಗೆ ಹತ್ತು-ಹದಿನೈದು ವರ್ಷ ಕಾಯಬೇಕಿತ್ತು, ಈಗ ಮೂವತ್ತು ವರ್ಷದ ಸಾಲ. ಸ್ವಿಸ್ ಫ್ರಾಂಕ್‌ನಲ್ಲಿ ಗೃಹಸಾಲ ಮಾಡಿದವರಿಗೆ 2015ರ ಜನವರಿಯಲ್ಲಿ ಫ್ರಾಂಕ್ ಜಿಗಿದಾಗ ಕಂತೂ ಜಿಗಿಯಿತು, ಬ್ಯಾಂಕುಗಳ ಮೇಲೆ ಹಾಕಿದ ದಾವೆಗಳು ವರ್ಷಗಟ್ಟಲೆ ನಡೆದವು. ಸರ್ಕಾರಿ ವಿಮೆಯಲ್ಲಿ ತಜ್ಞ ವೈದ್ಯರಿಗೆ ತಿಂಗಳುಗಟ್ಟಲೆ ಕಾಯುವುದನ್ನು ಜನ ಇವತ್ತಿಗೂ "ಕೊಲೆಯ್ಕಾ" ಅಂತಲೇ ಕರೆಯುತ್ತಾರೆ. ಮಾಂಸದಂಗಡಿಯ ಕ್ಯೂ ಆಸ್ಪತ್ರೆಗೆ ನಡೆದುಕೊಂಡು ಹೋಯಿತು, ಅಷ್ಟೇ. ಪಿಂಚಣಿ, ರಜೆಯ ಭದ್ರತೆ ಇಲ್ಲದ ಗುತ್ತಿಗೆಗೆ "ಕಸದ ಒಪ್ಪಂದ" ಅನ್ನುತ್ತಾರೆ. ಹಿರಿಯರು "ಎಲ್ಲರಿಗೂ ಕೆಲಸ ಇತ್ತು" ಅಂದಾಗ ಎದುರಿಗಿಟ್ಟು ನೋಡುತ್ತಿರುವುದು ಮೊಮ್ಮಗನ ಆ ಒಪ್ಪಂದವನ್ನು. ಆದರೆ ಅವರದೇ ಬಾಯಲ್ಲಿ ಇನ್ನೊಂದು ಮಾತೂ ಇದೆ: "ನಿಂತಿರು, ಮಲಗಿರು, ಎರಡು ಸಾವಿರ ಸಿಕ್ಕೇ ಸಿಗುತ್ತೆ." ಅಂದರೆ ಕೆಲಸ ಮಾಡಿದರೂ ಬಿಟ್ಟರೂ ಸಂಬಳ ಅಷ್ಟೇ.

ಪ್ರಶ್ನೆ: ಸಹೋದ್ಯೋಗಿಯ ಮನೆಗೆ ಊಟಕ್ಕೆ ಕರೆದಿದ್ದಾರೆ. ಈ ವಿಷಯ ಎತ್ತಬಹುದಾ?

ಉತ್ತರ (ಇತಿಹಾಸದವರು): ಕ್ಯೂ, ಚೀಟಿ, ಫಿಯಟ್, ಪೆವೆಕ್ಸ್ ಬಗ್ಗೆ ಧಾರಾಳವಾಗಿ ಕೇಳಿ, ನಗುತ್ತಲೇ ಹೇಳುತ್ತಾರೆ. 1981ರ ಡಿಸೆಂಬರ್ 13ರ ಸೇನಾಡಳಿತದ ಬಗ್ಗೆ ಮೊದಲ ಭೇಟಿಯಲ್ಲಿ ಬೇಡ. ಆ ರಾತ್ರಿ ಫೋನ್ ಕಡಿದರು, ಕರ್ಫ್ಯೂ ಹೇರಿದರು. ಆಮೇಲೆ ಫೋನ್ ಬಂದಾಗ "ಸಂಭಾಷಣೆ ನಿಯಂತ್ರಣದಲ್ಲಿದೆ" ಅನ್ನುವ ದನಿ ಮೊದಲು ಕೇಳಿಸುತ್ತಿತ್ತು. ಮೂರು ದಿನದಲ್ಲಿ ಕಾಟೊವಿಟ್ಸೆಯ ವುಯೆಕ್ ಗಣಿಯಲ್ಲಿ ಒಂಬತ್ತು ಗಣಿಗಾರರು ಗುಂಡಿಗೆ ಬಲಿಯಾದರು. ಸೇನಾಡಳಿತ ಹೇರಿದ ಜನರಲ್ ಯಾರುಜೆಲ್ಸ್ಕಿ ದೇಶದ್ರೋಹಿಯೋ, ಸೋವಿಯತ್ ಟ್ಯಾಂಕ್ ಬರದಂತೆ ತಡೆದವರೋ ಅನ್ನುವುದಕ್ಕೆ ಒಂದೇ ಮೇಜಿನ ಎರಡು ತುದಿಯಲ್ಲಿ ಎರಡು ಉತ್ತರ ಇರಬಹುದು. ಯಾರು ಪಕ್ಷದ ಸದಸ್ಯರಾಗಿದ್ದರು, ಯಾರ ಬಗ್ಗೆ ಗುಪ್ತ ಪೊಲೀಸರು ಇಟ್ಟಿದ್ದ ಕಡತ ರಾಷ್ಟ್ರೀಯ ಸ್ಮೃತಿ ಸಂಸ್ಥೆಯಲ್ಲಿದೆ ಅನ್ನುವುದಂತೂ ಕೇಳಲೇಬೇಡಿ. ಪಾಸ್‌ಪೋರ್ಟ್ ವಿಷಯ ಪರವಾಗಿಲ್ಲ: ಅದು ಮನೆಯಲ್ಲಿ ಇರುತ್ತಿರಲಿಲ್ಲ, ಪ್ರವಾಸ ಮುಗಿಸಿ ಬಂದು ಪೊಲೀಸ್ ಕಚೇರಿಗೆ ಮರಳಿಸಬೇಕಿತ್ತು. ಇದನ್ನು ಕೇಳಿದರೆ ಮನೆಯ ಚಿಕ್ಕವರಿಗೇ ಆಶ್ಚರ್ಯವಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಮಾಲೀಕಿ ಅಜ್ಜಿಯ ಹತ್ತಿರ ಆ ಕಾಲದ ಮನೆ-ಉಳಿತಾಯದ ಪುಸ್ತಕ ಇದೆ. ಈಗ ಅದು ರದ್ದಿಯಾ?

ಉತ್ತರ (ಅರ್ಥಶಾಸ್ತ್ರ ಬೋಧಕಿ): ಎಸೆಯಬೇಡಿ ಅಂತ ಹೇಳಿ. 1990ರ ಅಕ್ಟೋಬರ್ 23ರೊಳಗೆ ತೆರೆದದ್ದಾದರೆ ಸರ್ಕಾರದ ಖಾತರಿ ಪ್ರೀಮಿಯಂ, ಅಂದರೆ ಉಳಿತಾಯ ಕರಗಿದ್ದಕ್ಕೆ ಕೊಡುವ ಪರಿಹಾರದ ಹಣ, ಕೇಳಬಹುದು. ಕಟ್ಟಿದ ದುಡ್ಡನ್ನು ಹಣದುಬ್ಬರ ತಿಂದುಹಾಕಿದೆ, 1995ರಲ್ಲಿ ಅಲ್ಲಿಯ ಹಣ ಜ್ಲೋಟಿಯಲ್ಲಿ ಹಳೆಯ 10,000 ಒಂದು ಹೊಸ ಜ್ಲೋಟಿಯಾಯಿತು. ಬೆಲೆ ಇರುವುದು ಪ್ರೀಮಿಯಂಗೆ. ಅದು ಸುಮ್ಮನೆ ಕೈಗೆ ಬರುವುದಿಲ್ಲ, ಮನೆ ಕೊಳ್ಳುವುದು ಅಥವಾ ಕಿಟಕಿ ಬದಲಾಯಿಸುವುದು, ವಿದ್ಯುತ್, ಗ್ಯಾಸ್ ಜೋಡಣೆ ಹೊಸದು ಮಾಡಿಸುವಂಥ ಕಾನೂನು ಪಟ್ಟಿ ಮಾಡಿದ ಕೆಲಸಕ್ಕೆ ಮಾತ್ರ. ಮೊದಲು ಪಿಕೆಒ ಬಿಪಿ ಬ್ಯಾಂಕಿನ ಶಾಖೆಗೆ ಪುಸ್ತಕ ಒಯ್ದು ಎಷ್ಟು ಬರುತ್ತದೆ, ಯಾವ ಕಾಗದ ಬೇಕು ಅಂತ ಕೇಳಿ, ಆಮೇಲೆ ಬಡಗಿಯನ್ನು ಕರೆಯಲಿ.