28 ಮಕ್ಕಳ ಶಾಲೆಗೆ ಮಗನನ್ನು ಸೇರಿಸಬಹುದೇ? ಬಲ್ಲವರು ಅನುಭವ ಹೇಳಿ

ಪ್ರಶ್ನೆ: ಆರೂವರೆ ವರ್ಷದ ಮಗನ ತಾಯಿ

ನನ್ನ ಮಗ ಓದುತ್ತಿರುವ ದೊಡ್ಡ ಶಾಲೆಯಲ್ಲಿ ಅವನ ತರಗತಿಯೊಂದರಲ್ಲೇ 45 ಮಕ್ಕಳಿದ್ದಾರೆ. ಸೇರಿದ ಹೊಸತರಲ್ಲಿ ಮನೆಗೆ ಬಂದು ಬಾಯಿ ತುಂಬ ಮಾತನಾಡುತ್ತಿದ್ದವನು ಈಗ ಶಾಲೆಯ ಸುದ್ದಿಯನ್ನೇ ಎತ್ತುವುದಿಲ್ಲ. 'ಇವತ್ತು ಏನು ನಡೆಯಿತು?' ಎಂದರೆ 'ಏನೂ ಇಲ್ಲ' ಎಂಬ ಒಂದೇ ಉತ್ತರ. ಮನೆಯ ಹತ್ತಿರ ಒಂದು ಚಿಕ್ಕ ಪ್ರಾಥಮಿಕ ಶಾಲೆಯಿದೆ. ಒಂದರಿಂದ ಐದನೆಯ ತರಗತಿಯವರೆಗೆ ಎಲ್ಲ ಸೇರಿ 28 ಮಕ್ಕಳು, ಇಬ್ಬರು ಶಿಕ್ಷಕಿಯರು. ಮೊದಲ ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತವೆ. ಅವನ ಓರಗೆಯವರು ನಾಲ್ವರೇ. ಅಲ್ಲಿಗೆ ಸೇರಿಸಿದರೆ ಮತ್ತೆ ಮಾತನಾಡಿಯಾನೇ? ಕಲಿಕೆಯಲ್ಲಿ ಹಿಂದೆ ಬೀಳುವುದಿಲ್ಲವೇ? ಇಂಥ ಶಾಲೆಯನ್ನು ಒಳಗಿನಿಂದ ಕಂಡವರು ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಿ.

ಉತ್ತರ: ಮಗಳನ್ನು ಐದು ವರ್ಷ ಚಿಕ್ಕ ಶಾಲೆಗೆ ಕಳಿಸಿದ ತಾಯಿ

ನನ್ನ ಮಗಳ ಶಾಲೆಯಲ್ಲಿ ಇದ್ದದ್ದು 31 ಮಕ್ಕಳು. ಮೊದಲ ವಾರವೇ ಅವಳಿಗೊಂದು ಕೆಲಸ ಸಿಕ್ಕಿತು: ಬೆಳಿಗ್ಗೆ ಯಾರು ಯಾರು ಬಂದಿಲ್ಲ ಎಂದು ಎಣಿಸಿ ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆಯುವುದು. ಬರೆಯಲು ಇನ್ನೂ ಸರಿಯಾಗಿ ಬಾರದ ಹುಡುಗಿ ಅವಳು. ಆದರೂ ಆ ಅಂಕಿ ಅವಳದೇ ಕೈಯಿಂದ ಬರಬೇಕಿತ್ತು. ಜ್ವರ ಬಂದು ಎರಡು ದಿನ ಮಲಗಿದ್ದಾಗ ಮೂರನೆಯ ತರಗತಿಯ ಹುಡುಗನೊಬ್ಬ ಮನೆಗೇ ಬಂದು, 'ನೀನು ಬರುವವರೆಗೆ ಹಲಗೆ ನಾನು ಬರೆಯಲೇ?' ಎಂದು ಕೇಳಿದ. ಅವಳು ಹಾಸಿಗೆಯಲ್ಲೇ ಎದ್ದು ಕುಳಿತು, ಸೊನ್ನೆ ಬಂದರೆ ಅದನ್ನೂ ಬರೆಯಬೇಕೆಂದು ಅವನಿಗೆ ತಿಳಿಸಿ ಕಳಿಸಿದಳು. ತಾನಿಲ್ಲದಿದ್ದರೆ ಒಂದು ಕೆಲಸ ನಿಂತೀತು ಎಂಬುದು ಆರು ವರ್ಷದ ಮಗುವಿಗೆ ಎಷ್ಟು ದೊಡ್ಡ ಮಾತು ಎಂಬುದನ್ನು ನಾನು ಅಂದು ಕಂಡೆ. 45 ಮಕ್ಕಳ ನಡುವೆ ನಿಮ್ಮ ಮಗನಿಗೆ ಸಿಗದೇ ಹೋಗಿರುವುದು ಬಹುಶಃ ಇದೇ.

ಕಲಿಕೆಯ ಬಗ್ಗೆ ನನಗೂ ನಿಮ್ಮದೇ ಭಯವಿತ್ತು. ಮಗಳು ಮೂರನೆಯ ತರಗತಿಯಲ್ಲಿದ್ದಾಗ ಎರಡನೆಯ ತರಗತಿಯ ಹುಡುಗಿಗೆ ಕಳೆಯುವ ಲೆಕ್ಕ ತೋರಿಸಿಕೊಡುತ್ತಿದ್ದಳು. 42ರಲ್ಲಿ 17 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ನಾಲ್ಕರಿಂದ ಸಾಲ ತರಬೇಕು ಎಂದು ಇವಳು ಹೇಳಿದಳಂತೆ. ಆ ಪುಟ್ಟ ಹುಡುಗಿ, 'ಸಾಲವನ್ನು ತೀರಿಸುವುದು ಯಾವಾಗ?' ಎಂದು ಕೇಳಿಬಿಟ್ಟಳು. ನನ್ನ ಮಗಳಿಗೆ ಉತ್ತರ ಹೊಳೆಯಲಿಲ್ಲ. ಅದೇ ಲೆಕ್ಕವನ್ನು ವರ್ಷದಿಂದ ತಪ್ಪಿಲ್ಲದೆ ಮಾಡುತ್ತಿದ್ದವಳು ಸಂಜೆ ಮನೆಯಲ್ಲಿ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಕಟ್ಟಿಕೊಂಡು ಕುಳಿತಳು. ನಾಲ್ಕು ಕಟ್ಟು, ಎರಡು ಬಿಡಿ. ಒಂದು ಕಟ್ಟನ್ನು ಬಿಚ್ಚಿದರೆ ಮೂರು ಕಟ್ಟು, ಹನ್ನೆರಡು ಬಿಡಿ. 'ಅಮ್ಮಾ, ಇದು ಸಾಲವೇ ಅಲ್ಲ, ಎಲ್ಲವೂ ನಮ್ಮದೇ ಕಡ್ಡಿ!' ಎಂದು ಕೂಗಿದಳು. ಮರುದಿನ ಕಡ್ಡಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ಆ ಚಿಕ್ಕ ಹುಡುಗಿ ಪಕ್ಕದಲ್ಲಿ ಕೂರದಿದ್ದರೆ ನನ್ನ ಮಗಳು ಉತ್ತರವನ್ನಷ್ಟೇ ತಿಳಿದುಕೊಂಡು ಮುಂದಿನ ತರಗತಿಗೆ ಹೋಗಿಬಿಡುತ್ತಿದ್ದಳು.

ಓರಗೆಯವರು ಕಡಿಮೆ ಎಂಬ ಚಿಂತೆ ಮಾತ್ರ ನಿಜವೇ. ಅವಳ ತರಗತಿಯಲ್ಲಿ ಇನ್ನಿಬ್ಬರು ಹುಡುಗಿಯರಿದ್ದರು. ಅವರಿಬ್ಬರೂ ಜೊತೆಯಾದ ದಿನಗಳಲ್ಲಿ ಇವಳು ಒಂಟಿ. ನಾಲ್ಕನೆಯ ತರಗತಿಯ ಇಡೀ ವರ್ಷ ಹಾಗೆಯೇ ಕಳೆಯಿತು. ಅದನ್ನು ನಾನು ಮರೆತಿಲ್ಲ.

ಉತ್ತರ: ಹಲವು ತರಗತಿಗಳಿಗೆ ಒಂದೇ ಕೋಣೆಯಲ್ಲಿ ಕಲಿಸುವ ಬಹುವರ್ಗ ಬೋಧನೆಯಲ್ಲಿ 19 ವರ್ಷ ಕಳೆದ ಶಿಕ್ಷಕಿ

ಅಮ್ಮ, ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಎಂದ ಕೂಡಲೇ ಅದು ಬಡತನದ ಲಕ್ಷಣ ಎಂದುಕೊಳ್ಳಬೇಡಿ. ಮಾಂಟೆಸ್ಸೊರಿ ಪದ್ಧತಿ ಬೇಕೆಂದೇ ಮೂರು ವರ್ಷಗಳ ಅಂತರದ ಮಕ್ಕಳನ್ನು ಒಟ್ಟಿಗೆ ಕೂರಿಸುತ್ತದೆ. ಕೊಲಂಬಿಯಾದ ಹಳ್ಳಿಶಾಲೆಗಳಲ್ಲಿ 1970ರ ದಶಕದಲ್ಲಿ ಆರಂಭವಾದ 'ಎಸ್ಕುವೆಲಾ ನುಯೆವಾ' ಪ್ರಯೋಗ ನಿಂತಿರುವುದೂ ಬೇರೆ ಬೇರೆ ತರಗತಿಯ ಮಕ್ಕಳು ಕೈಪಿಡಿಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದರ ಮೇಲೆ. ಶಾಲೆಯ ಆಡಳಿತದಲ್ಲಿ ಮಕ್ಕಳ ಮಂಡಳಿಗೂ ಅಲ್ಲಿ ಪಾಲಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು 'ತಟ್ಟೆ' ಎಂಬ ಗುಂಪುಗಳಲ್ಲಿ ಕೂರುತ್ತಾರೆ: ಪೂರ್ತಿ ಶಿಕ್ಷಕರ ನೆರವು ಬೇಕಾದವರು ಒಂದರಲ್ಲಿ, ಸ್ವಲ್ಪ ಬೇಕಾದವರು ಇನ್ನೊಂದರಲ್ಲಿ, ಸಹಪಾಠಿಗಳ ನೆರವಿನಿಂದ ಕಲಿಯುವವರು ಮತ್ತೆರಡರಲ್ಲಿ, ತಾವಾಗಿಯೇ ಕಲಿಯುವವರು ಕೊನೆಯದರಲ್ಲಿ. ಕಲಿಯಬೇಕಾದುದನ್ನು ಹಂತ ಹಂತವಾಗಿ ಜೋಡಿಸಿದ 'ಕಲಿಕಾ ಏಣಿ'ಯ ಮೆಟ್ಟಿಲನ್ನು ಮಗು ಹತ್ತಿದಂತೆ ತಟ್ಟೆ ಬದಲಾಗುತ್ತದೆ. ಒಬ್ಬರೇ ಶಿಕ್ಷಕರಿರುವ ಕೋಣೆಯಲ್ಲಿ ಗಮನವನ್ನು ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಕಂಡಿಲ್ಲ.

ಆದರೆ ಪದ್ಧತಿಯ ಹೆಸರು ಕೇಳಿ ತೀರ್ಮಾನಿಸಬೇಡಿ, ಹೋಗಿ ನೋಡಿ. ಅನುಮತಿ ಕೇಳಿ ಒಂದು ಗಂಟೆ ಕೋಣೆಯ ಹಿಂಬದಿಯಲ್ಲಿ ಕುಳಿತುಕೊಳ್ಳಿ. ಊಟದ ನಂತರದ ಹೊತ್ತಿಗೇ ಹೋಗಿ. ಬೆಳಗಿನ ಹೊತ್ತು ಎಲ್ಲ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಶಿಕ್ಷಕಿಯನ್ನು ನೋಡಬೇಡಿ. ಅವರು ಒಂದು ಗುಂಪಿನ ಜೊತೆ ಇರುವಾಗ ಉಳಿದ ಎರಡು ಗುಂಪು ಏನು ಮಾಡುತ್ತಿದೆ ಎಂಬುದನ್ನು ನೋಡಿ. ಹಲಗೆಯ ಮೇಲಿರುವುದನ್ನು ನಕಲು ಮಾಡಿಕೊಂಡು ಕುಳಿತಿದ್ದರೆ ಆ ಮಕ್ಕಳ ದಿನದ ಮೂರರಲ್ಲಿ ಎರಡು ಭಾಗ ವ್ಯರ್ಥವಾಗುತ್ತಿದೆ ಎಂದೇ ಅರ್ಥ. ಯಾವುದೋ ಕೆಲಸದಲ್ಲಿ ಮುಳುಗಿ ತಮ್ಮತಮ್ಮಲ್ಲೇ ವಾದಿಸುತ್ತಿದ್ದರೆ, ಸ್ವಲ್ಪ ಗದ್ದಲವಿದ್ದರೂ ಚಿಂತೆ ಬೇಡ.

ನಾನು ಭಾಷೆಯ ಪಾಠವನ್ನು ಮೂರು ತರಗತಿಗಳಿಗೂ ಒಟ್ಟಿಗೆ ಮಾಡುತ್ತಿದ್ದೆ. ಒಂದೇ ಕಥೆ. ಒಂದನೆಯವರು ಅದರ ಚಿತ್ರ ಬರೆದು ಪ್ರಾಣಿಗಳ ಹೆಸರು ಬರೆಯುತ್ತಿದ್ದರು, ಎರಡನೆಯವರು ನಡೆದದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳುತ್ತಿದ್ದರು, ಮೂರನೆಯವರು ಅದೇ ಕಥೆಯನ್ನು ನರಿಯ ಬಾಯಿಂದ ಹೇಳಿಸುತ್ತಿದ್ದರು. ಎಷ್ಟೋ ಸಲ ಒಂದನೆಯ ತರಗತಿಯ ಮಗುವೇ ನರಿಯ ಮಾತಿಗೆ ಕೈ ಹಾಕುತ್ತಿತ್ತು, ನಾನು ತಡೆಯುತ್ತಿರಲಿಲ್ಲ. ಗಣಿತದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಮೆಟ್ಟಿಲುಗಳು ಬೇರೆ ಬೇರೆ, ಪ್ರತಿ ಗುಂಪಿಗೂ ಶಿಕ್ಷಕರ ನೇರ ಸಮಯ ಬೇಕು. ಆದ್ದರಿಂದ ಆ ಶಾಲೆಯಲ್ಲಿ ಗಣಿತ ಹೇಗೆ ನಡೆಯುತ್ತದೆ ಎಂದು ಬೇರೆಯಾಗಿಯೇ ಕೇಳಿ.

ಇನ್ನೂ ಒಂದು ವಿಷಯ. ದೊಡ್ಡವರು ಚಿಕ್ಕವರಿಗೆ ಕಲಿಸುವುದು ಹಳೆಯ ದಾರಿ. 18ನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬವರು ಮದ್ರಾಸಿನಲ್ಲಿ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು, ತಮ್ಮ ಮೇಲ್ವಿಚಾರಣೆಯ ಅನಾಥಾಲಯ ಶಾಲೆಯಲ್ಲಿ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದರು. 1797ರಲ್ಲಿ ಆ ಬಗ್ಗೆ ಬರೆದು ಪ್ರಕಟಿಸಿದ ಮೇಲೆ ಅದು ಇಂಗ್ಲೆಂಡಿನಲ್ಲೂ ಹಬ್ಬಿತು. ಆದರೆ ಅಲ್ಲಿ ಅದು ಕಡಿಮೆ ಖರ್ಚಿನಲ್ಲಿ ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಯಂತ್ರವಾಯಿತು. ಚಿಕ್ಕ ಶಾಲೆಯಲ್ಲೂ ಈ ಅಪಾಯ ಇದ್ದೇ ಇದೆ. ಬುದ್ಧಿವಂತ ಹುಡುಗಿಯೊಬ್ಬಳನ್ನು ದಿನವಿಡೀ ಅರೆ ಶಿಕ್ಷಕಿ ಮಾಡಿಬಿಟ್ಟರೆ ಅವಳ ಓದು ಯಾವಾಗ? ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ಆ ಹುಡುಗಿಯ ತಾಯಿ ಬಂದು ಕೇಳಿದ ಮೇಲೆಯೇ ನನಗೆ ಅರಿವಾಯಿತು.

ಉತ್ತರ: ಮಗನನ್ನು ಚಿಕ್ಕ ಶಾಲೆಯಿಂದ ಬಿಡಿಸಿದ ತಂದೆ

ಎಲ್ಲರೂ ಮೆಚ್ಚಿ ಬರೆಯುತ್ತಿರುವುದರಿಂದ ನನ್ನದನ್ನೂ ಹೇಳಬೇಕು, ಮೇಡಂ. ನನ್ನ ಮಗ ಒಂದನೆಯ ತರಗತಿಯ ಮೊದಲ ತಿಂಗಳು ದಿನವೂ ಅತ್ತ. ಎಲ್ಲರೂ ಅವನನ್ನು 'ಅಳುಬುರುಕ' ಎಂದರು. ಮೂರನೆಯ ತರಗತಿಗೆ ಬಂದಾಗ ಅವನು ಅತ್ತು ಎರಡು ವರ್ಷವಾಗಿತ್ತು, ಹೆಸರು ಮಾತ್ರ ಹೋಗಿರಲಿಲ್ಲ. ದೊಡ್ಡ ಶಾಲೆಯಲ್ಲಿ ವಿಭಾಗ ಬದಲಾದಾಗ, ಹೊಸ ಮಕ್ಕಳು ಬಂದಾಗ ಮಗುವಿಗೆ ಹೊಸದಾಗಿ ಶುರು ಮಾಡುವ ಅವಕಾಶ ಸಿಗುತ್ತದೆ. 20 ಮಕ್ಕಳ ಶಾಲೆಯಲ್ಲಿ ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ. ಅದರ ಮೇಲೆ ಎರಡು ಮನೆಯವರ ಜಗಳ ಪೋಷಕರ ಸಭೆಗೆ ಬಂತು, ಅಲ್ಲಿಂದ ಮಕ್ಕಳ ಆಟಕ್ಕೂ ಇಳಿಯಿತು. ಶಿಕ್ಷಕರು ಒಳ್ಳೆಯವರು, ಅವರನ್ನು ದೂರುವುದಿಲ್ಲ. ಆ ಅಡ್ಡಹೆಸರನ್ನು ಮನೆಯಲ್ಲಿ ನಾನೂ ಆಡಿದ್ದೆ ಎಂಬುದೇ ನನ್ನನ್ನು ಹೆಚ್ಚು ನೋಯಿಸುತ್ತದೆ.

ನೀವು ಸೇರಿಸುವುದಾದರೆ ಶಾಲೆಯ ಹೊರಗೂ ಅವನಿಗೆ ನಾಲ್ಕು ಗೆಳೆಯರಿರುವಂತೆ ನೋಡಿಕೊಳ್ಳಿ. ಆಟವೋ, ಸಂಗೀತವೋ, ಏನಾದರೂ ಸರಿ. ಒಂದು ಬಾಗಿಲು ಮುಚ್ಚಿದ ವಾರ ಇನ್ನೊಂದು ತೆರೆದಿರಬೇಕು.

ಉತ್ತರ: ಅಂಥ ಶಾಲೆಯಲ್ಲೇ ಓದಿ ಬೆಳೆದವಳು

ಒಂದೇ ಒಂದು ಕಪಾಟಿನಷ್ಟು ಪುಸ್ತಕಗಳಿದ್ದವು. ನಾಲ್ಕನೆಯ ತರಗತಿ ಮುಗಿಯುವ ಮೊದಲೇ ಎಲ್ಲವನ್ನೂ ಓದಿ ಮುಗಿಸಿದ್ದೆವು. ಆಗ ನಮ್ಮ ಮೇಷ್ಟ್ರು ಖಾಲಿ ಹಾಳೆಗಳನ್ನು ಹೊಲಿದು ಕೊಟ್ಟು, 'ಇನ್ನು ನೀವೇ ಬರೆದು ತುಂಬಿಸಿ' ಎಂದರು. ಒಂದನೆಯ ತರಗತಿಯ ಮಕ್ಕಳು ನಮ್ಮ ಪುಸ್ತಕಗಳನ್ನು ಓದಿ ಕಲಿತರು, ತಪ್ಪಿದ್ದ ಒತ್ತಕ್ಷರಗಳನ್ನು ನಮಗೇ ತೋರಿಸಿದರು.

ಕಷ್ಟವಾದದ್ದು ಮುಂದೆ. ಪ್ರೌಢಶಾಲೆಯಲ್ಲಿ ನನ್ನ ತರಗತಿಯಲ್ಲಿ 60 ಮಂದಿ. ಸಂಶಯ ಬಂದರೆ ಎದ್ದು ಹೋಗಿ ಕೇಳುವುದು ರೂಢಿಯಾಗಿದ್ದ ನನಗೆ ಕೈ ಎತ್ತಿ ಕಾಯುವುದೇ ಗೊತ್ತಿರಲಿಲ್ಲ. ಮೂರು ತಿಂಗಳು ದಿಕ್ಕು ತೋಚಲಿಲ್ಲ. ಐದನೆಯ ತರಗತಿ ಮುಗಿಸಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ, ಒಬ್ಬರೇ ಹೋಗುತ್ತಾರೆಯೇ ಅಥವಾ ಜೊತೆಯಾಗಿಯೇ ಎಂದು ಈಗಲೇ ವಿಚಾರಿಸಿ.

ಉತ್ತರ: ಪೋಷಕರ ಸಮಿತಿಯಲ್ಲಿ ಎರಡು ವರ್ಷ ಇದ್ದ ತಂದೆ

ಚಿಕ್ಕ ಶಾಲೆ ನಡೆಯುವುದೇ ಪೋಷಕರು ಕೈಜೋಡಿಸಿದರೆ. ಬಿಡುವಿರುವ ಮೂವರು ಎಲ್ಲವನ್ನೂ ಮಾಡಿ ದಣಿಯುತ್ತಾರೆ, ಉಳಿದವರು ನಾಚಿಕೊಂಡು ದೂರ ಉಳಿಯುತ್ತಾರೆ. ನಾವು ಮನೆಯಲ್ಲೇ ಮಾಡಬಹುದಾದ ಕೆಲಸಗಳ ಪಟ್ಟಿ ಹಾಕಿದೆವು. ಹರಿದ ಪುಸ್ತಕ ಅಂಟಿಸುವುದು, ಅಕ್ಷರದ ಚೀಟಿ ಕತ್ತರಿಸುವುದು, ಲೆಕ್ಕ ಬರೆಯುವುದು. ಸಭೆಗೆ ಎಂದೂ ಬಾರದ ಒಬ್ಬರು ಎರಡು ರಾತ್ರಿ ಕುಳಿತು 40 ಪುಸ್ತಕಗಳಿಗೆ ಹೊಸ ರಟ್ಟು ಹಾಕಿ ಕಳಿಸಿದರು. ತರಗತಿಯೊಳಗೆ ಸಹಾಯಕ್ಕೆ ಹೋಗುವವರಿಗೆ ಮಾತ್ರ ಒಂದು ಕಟ್ಟುನಿಟ್ಟು ಇತ್ತು: ಬೇರೆಯವರ ಮಗುವಿನ ಬಗ್ಗೆ ಅಲ್ಲಿ ಕಂಡದ್ದು ಅಲ್ಲೇ ಉಳಿಯಬೇಕು.

ಮತ್ತೆ ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಗನನ್ನು ಕರೆದುಕೊಂಡು ಹೋಗಿದ್ದೆ, ಊಟದ ನಂತರವೇ. ಟೀಚರ್ ಒಂದನೆಯವರ ಜೊತೆ ಇದ್ದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳಿಗೆ ಲೆಕ್ಕ ಬರಲಿಲ್ಲ. ಪಕ್ಕದ ದೊಡ್ಡ ಹುಡುಗನನ್ನು ಕೇಳಿದಳು. ಅವನು ನೋಡಿ, 'ನನಗೂ ಗೊತ್ತಿಲ್ಲ, ಬಾ ಕೇಳೋಣ' ಎಂದು ಎದ್ದ. 'ಗೊತ್ತಿಲ್ಲ' ಎನ್ನಲು ಅವನು ಚೂರೂ ಹಿಂಜರಿಯಲಿಲ್ಲ. ಅದು ನನಗೆ ತುಂಬ ಹಿಡಿಸಿತು.

ಹಿಡಿಸದಿರುವುದೂ ಒಂದಿದೆ. ಒಬ್ಬರು ರಜೆಯಲ್ಲಿದ್ದರೆ 28 ಮಕ್ಕಳನ್ನೂ ಇನ್ನೊಬ್ಬರೇ ನೋಡಿಕೊಳ್ಳುತ್ತಾರಂತೆ. ಆ ದಿನ ಹೊಸ ಪಾಠ ಇರುವುದಿಲ್ಲವಂತೆ. ಮುಚ್ಚಿಡದೆ ಹೇಳಿದರು.

ನಾನು ಮಾತನಾಡುತ್ತಿದ್ದಾಗ ಒಬ್ಬ ಹುಡುಗ ಗಿಡಗಳಿಗೆ ನೀರು ಹಾಕುವ ಡಬ್ಬಿಯನ್ನು ನನ್ನ ಮಗನ ಕೈಗೆ ಕೊಟ್ಟು, 'ಇದನ್ನು ಹಿಡಿದುಕೋ, ನಾನು ಇನ್ನೊಂದು ತರುತ್ತೇನೆ' ಎಂದು ಓಡಿಹೋದ. ಅವನ ಹೆಸರೂ ಕೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಯಾವ ಗಿಡಕ್ಕೆ ಎಷ್ಟು ನೀರು ಎಂದು ಮಗ ಹೇಳುತ್ತಲೇ ಬಂದ.

ಮುಂದಿನ ವಾರ ಐದು ದಿನ ಕೂರಿಸಿ ನೋಡಲು ಒಪ್ಪಿದ್ದಾರೆ. ಕಳೆಯುವ ಲೆಕ್ಕದಲ್ಲಿ ಅವನು ಸ್ವಲ್ಪ ಹಿಂದಿದ್ದಾನೆ. ಅಷ್ಟರೊಳಗೆ ಮನೆಯಲ್ಲಿ ಏನು ತಯಾರಿ ಮಾಡಿಸಲಿ, ಟೀಚರ್?

ಉತ್ತರ: ಶಿಕ್ಷಕಿ

ಏನೂ ಮಾಡಿಸಬೇಡಿ. ಅವನ ಹಳೆಯ ನೋಟ್‌ಬುಕ್‌ಗಳನ್ನು, ತಪ್ಪುಗಳಿರುವ ಪುಟಗಳ ಸಮೇತ, ಹಾಗೆಯೇ ಆ ಶಾಲೆಯ ಶಿಕ್ಷಕಿಯರ ಕೈಗೆ ಕೊಡಿ. ಅವನಿಗೆ ಬಾರದ್ದು ಎರಡೇ ದಿನದಲ್ಲಿ ಅವರಿಗೆ ತಾನಾಗಿ ತಿಳಿಯುತ್ತದೆ. ಬರುವುದನ್ನು ನೀವು ಹೇಳಿ: ಗಿಡ, ನೀರು, ಎಣಿಕೆ, ಅವನಿಗೆ ಇಷ್ಟವಾದ ಕಥೆ. ಐದು ದಿನವಾದ ಮೇಲೆ ಹೇಗಾಯಿತೆಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.